ಗಂಗವ್ವ ಕೂರದ ಮಣೆ

ನನ್ನ ಮೊಮ್ಮಗಳು ಸುಮಾ ನಾನು ಕೆಲಸ ಮಾಡಿದ ಜಾಗಕ್ಕೇ ನರ್ಸಾಗಿ ಸೇರಿದ್ದಾಳೆ. ಈ ಒಂದು ಸಾಲು ಬರೆಯಲು ನನಗೆ ಅರ್ಧ ಮುಂಜಾನೆ ಹಿಡಿಯಿತು. ಬರೆಯುವುದು, ಓದಿಕೊಳ್ಳುವುದು, ನಗುವುದು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಈ ಸುದ್ದಿ ನನ್ನ ಬಾಯಿಂದ ಕೇಳದವರು ಯಾರೂ ಉಳಿದಿಲ್ಲ. ಹಾಲಿನವನಿಗೆ ಹೇಳಿದೆ, ಹಿಟ್ಟಿನ ಗಿರಣಿಯವನಿಗೆ ಹೇಳಿದೆ. ಕೂಡ್ಲಿಗಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತ, ಗುರುತೇ ಇಲ್ಲದ ಹೆಂಗಸಿಗೂ ಹೇಳಿದೆ. ಆಕೆ, "ಚಲೋ ಆತು ಬಿಡವ್ವಾ, ನಿನ್ನ ಸ್ಟಾಪು ಬಂತು, ಇಳಿ" ಅಂದಳು.

ಸುಮಾ ಮೊನ್ನೆ ನನ್ನ ಮುಂದೆ ಕೂತು, "ಅಜ್ಜಿ, ನನ್ನ ಜೋಡಿ ಸೇರಿರೋ ಹುಡುಗ್ಯಾರಿಗೆ ನಿನ್ನ ಕೆಲಸದ್ದು ಬರದು ಕೊಡು. ಟ್ರೈನಿಂಗಿನ್ಯಾಗ ಹೇಳದೇ ಇರೋದನ್ನ ಬರಿ" ಅಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಕೇಳಿದ್ದು ಮೊಮ್ಮಗಳಲ್ಲವೇ, ಕೂತಿದ್ದೇನೆ. ಹುಡುಗಿಯರೇ, ನಗುನಗುತ್ತಾ ಶುರು ಮಾಡಿದ್ದೇನೆ. ಮುಂದಿನದು ಬಹಳ ನಗಿಸುವಂಥದ್ದಲ್ಲ.

ನನ್ನ ಹೆಸರು ಕೊಟ್ರಮ್ಮ. ಕೆಲಸ ಆಯಾ. ಪರದೆ ಕಟ್ಟುವುದು, ಮಂಚಕ್ಕೆ ಹಾಸುವುದು, ಸಾಮಾನು ತೊಳೆದು ಕುದಿಸುವುದು. ಇವೆಲ್ಲ ನೇಮಕದ ಆರ್ಡರಿನಲ್ಲಿ ಬರೆದ ಕೆಲಸ. ಬರೆಯದ ಕೆಲಸ ಅಂದರೆ ಕೈ ಹಿಡಿದುಕೊಳ್ಳುವುದು. ಪರದೆಯ ಒಳಗೆ ತಪಾಸಣೆಗೆ ಮಲಗಿದ ಹೆಣ್ಣುಮಗಳು ಯಾರ ಕೈ ಸಿಕ್ಕರೂ ಹಿಂಡುತ್ತಾಳೆ. ನನ್ನ ಬೆರಳಿನ ಉಂಗುರ ಒಮ್ಮೆ ಹಾಗೇ ಸೊಟ್ಟಗಾಯಿತು. ಆಮೇಲೆ ಕ್ಯಾಂಪಿಗೆ ಉಂಗುರ ಹಾಕಿಕೊಂಡು ಹೋಗಲಿಲ್ಲ. ನೀವೂ ತೆಗೆದಿಟ್ಟು ಹೋಗಿ.

ನಮ್ಮದು ಮೂರು ಕಡೆಯವರು ಕೂಡಿ ನಡೆಸುವ ಕೆಲಸ. ಪಟ್ಟಣದ ಕ್ಯಾನ್ಸರ್ ಆಸ್ಪತ್ರೆಯವರು, ಒಂದು ಮೆಡಿಕಲ್ ಕಾಲೇಜಿನವರು, ನಮ್ಮ ತಾಲೂಕು ಆಸ್ಪತ್ರೆಗಳವರು. ಹಳ್ಳಿಹಳ್ಳಿಗೆ ಹೋಗಿ ಹೆಣ್ಣುಮಕ್ಕಳ ಗರ್ಭಕೋಶದ ಬಾಯಿ, ಎದೆ, ಬಾಯೊಳಗು ನೋಡಬೇಕು. ಕಾಯಿಲೆ ಕಂಡರೆ ಪಟ್ಟಣಕ್ಕೆ ಕರೆದೊಯ್ಯಬೇಕು. ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ ಎಂದು ಸಂಶೋಧನೆಯನ್ನೂ ಮಾಡಬೇಕು. ಇದಕ್ಕೆ ಮುಖ್ಯಸ್ಥರು ಇಬ್ಬರು. ಕಾಯಿಲೆ ನೋಡಿ ಔಷಧಿ ಕೊಡುವ ಕಡೆಗೆ ವಸುಧಾ ಮೇಡಂ, ಪಟ್ಟಣದ ಆಸ್ಪತ್ರೆಯ ದೊಡ್ಡ ಡಾಕ್ಟರು. ಸಂಶೋಧನೆಯ ಕಡೆಗೆ ಹನೀಫ್ ಸರ್, ಕಾಲೇಜಿನ ಪ್ರೊಫೆಸರು, ಹುಟ್ಟೂರು ಹರಪನಹಳ್ಳಿ. ಇಬ್ಬರಿಗೂ ಬೆಳಿಗ್ಗೆ ಜಗಳ, ಮಧ್ಯಾಹ್ನ ಒಂದೇ ಕಾಗದದಲ್ಲಿ ಮಂಡಕ್ಕಿ ಮಿರ್ಚಿ. ಮೇಡಂಗೆ ಹೆಚ್ಚು ಜನರನ್ನು ನೋಡಬೇಕು. ಸರ್‌ಗೆ ನೋಡಿದ ಒಬ್ಬೊಬ್ಬರನ್ನೂ ಪೂರ್ತಿ ಕೇಳಿ ಬರೆದುಕೊಳ್ಳಬೇಕು.

"ಸರ್, ನಿಮ್ಮ ಪ್ರಶ್ನೆ ಮುಗಿಯೋದರಲ್ಲಿ ಆಕೆಗೆ ಮೊಮ್ಮಕ್ಕಳಾಗುತ್ತವೆ" ಅನ್ನುತ್ತಿದ್ದರು ಮೇಡಂ.

"ಆಗ್ಲಿ ಬಿಡ್ರಿ ಮೇಡಂ, ಅವ್ರನ್ನೂ ಕೇಳಾಣ" ಅನ್ನುತ್ತಿದ್ದರು ಸರ್.

ಮೊದಮೊದಲು ನಾವು ಮಾಡಿದ ಎಡವಟ್ಟು ಒಂದೆರಡಲ್ಲ. ಹೊಸ ಗಾಡಿ ಬಂದಾಗ ಅದರ ಎರಡೂ ಮಗ್ಗುಲಿಗೆ ಕೆಂಪು ಅಕ್ಷರದಲ್ಲಿ 'ಕ್ಯಾನ್ಸರ್ ತಪಾಸಣೆ' ಎಂದು ಬರೆಸಿ, ಪಕ್ಕದಲ್ಲಿ ಕ್ಯಾನ್ಸರಿನ ಗುರುತು ಎಂದು ಒಂದು ಏಡಿಯ ಚಿತ್ರ ಬಿಡಿಸಿದ್ದರು. ಎಲ್ಲರಿಗೂ ಬಹಳ ಹೆಮ್ಮೆ. ಹರಪನಹಳ್ಳಿ ಕಡೆಯ ಅರಸೀಕೆರೆಯಲ್ಲಿ ಒಂದು ಮನೆಯ ಮುಂದೆ ನಿಲ್ಲಿಸಿದ್ದೇ ತಡ, ಯಜಮಾನ ಪಂಚೆ ಎತ್ತಿಕೊಂಡು ಓಡಿಬಂದ.

"ಇಲ್ಲಿ ನಿಂದ್ರಿಸಬ್ಯಾಡ್ರಿ ಸಾಹೇಬ್ರ, ನಾಳೆ ನಮ್ಮ ಹುಡುಗೀನ ನೋಡಾಕ ಬರ್ತಾರ!"

"ಮತ್ತೆಲ್ಲಿ ನಿಲ್ಸಾಣ?" ಅಂದರು ಹನೀಫ್ ಸರ್.

"ಆಕಡಿ ನಮ್ಮ ದಾಯಾದಿ ಮನಿ ಐತಿ. ಅವನ ಬಾಗಿಲ ಮುಂದ ನಿಂದ್ರಿಸ್ರಿ."

ಅವತ್ತು ಒಬ್ಬ ಹೆಣ್ಣುಮಗಳೂ ಬರಲಿಲ್ಲ. ಆ ವಾರವೇ ಏಡಿಯ ಮೇಲೆ ಬಣ್ಣ ಬಿತ್ತು.

ಹನೀಫ್ ಸರ್ ಅವರ ಪ್ರಶ್ನೆಗಳದ್ದು ಇನ್ನೊಂದು ಕತೆ. ಮನೆಯಲ್ಲಿ ಟಿವಿ ಇದೆಯೇ, ಬೈಕು ಇದೆಯೇ ಎಂದು ಕೇಳಬೇಕಿತ್ತು. ಹೆಂಗಸರಿಗೆ ರೇಷನ್ ಕಾರ್ಡು ಕಿತ್ತುಕೊಳ್ಳಲು ಬಂದವರೇ ಇವರು ಎಂಬ ಅನುಮಾನ. ಎಲ್ಲದಕ್ಕೂ ಇಲ್ಲ ಅನ್ನುವರು. "ಒಳಗೆ ಧಾರಾವಾಹಿಯೋರು ಅಳ್ತಾ ಇದಾರಲ್ಲವ್ವಾ?" ಎಂದು ಸರ್ ಕೇಳಿದರೆ, "ಅದು ಬಾಜು ಮನೀದ್ರೀ ಸಾರ್" ಎಂದು ಒಬ್ಬಾಕೆ ಬಾಗಿಲು ಎಳೆದುಕೊಂಡಳು. ಸರ್ 'ಇಲ್ಲ' ಎಂದೇ ಬರೆದುಕೊಂಡರು. "ಆಯಮ್ಮ ಹೇಳಿದ್ದು ಬರಕೊಳ್ಳೋದು ನನ್ನ ಕೆಲಸ, ಜಪ್ತಿ ಮಾಡೋದಲ್ಲ" ಅಂದರು.

ಇವೆಲ್ಲ ನಕ್ಕು ಮರೆಯುವ ತಪ್ಪುಗಳು. ನಗಲಾರದ ತಪ್ಪೊಂದು ಆಯಿತು. ಅದು ನಮಗೆ ಬಹಳ ದಿನ ತಪ್ಪಿನ ಹಾಗೆ ಕಾಣಲೇ ಇಲ್ಲ.

ಹಗರಿಬೊಮ್ಮನಹಳ್ಳಿ ಕಡೆಯ ಒಂದು ಕ್ಯಾಂಪಿನಲ್ಲಿ ಹೆಂಗಸರು ಬಂದು ಸಾಲಿನಲ್ಲಿ ಕೂರುವರು, ಒಳಗೆ ಹೋದವಳು ಮುಲುಗಿದ್ದು ಕೇಳಿದರೆ ಒಬ್ಬೊಬ್ಬರೇ ಎದ್ದು ಹಿತ್ತಲ ದಾರಿ ಹಿಡಿಯುವರು. ಮೇಡಂ ನೋಡಿ ನೋಡಿ ಸಾಕಾಗಿ, "ಏನು ಮಾಡಿದರೆ ಇವರು ಕೂತಿರುತ್ತಾರೆ ಕೊಟ್ರಮ್ಮ?" ಅಂದರು. ಸಾಲಿನಲ್ಲಿದ್ದ ಒಬ್ಬ ಅಜ್ಜಿ ತಮಾಷೆಗೆ, "ಹೆಣ್ಣುಮಕ್ಕಳನ್ನ ಕರಸೀರಿ, ಉಡಿ ಗಿಡಿ ತುಂಬ್ರಿ, ಕುಂದರ್ತಾರ" ಅಂದಳು. ಮೇಡಂ ಅದನ್ನು ತಮಾಷೆ ಅಂದುಕೊಳ್ಳಲಿಲ್ಲ.

ಮುಂದಿನ ಕ್ಯಾಂಪಿನಿಂದ ಬಾಗಿಲ ಒಳಗೇ ಒಂದು ಮಣೆ. ಬಂದವಳನ್ನು ಮೊದಲು ಮಣೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮ ಇಟ್ಟು, ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಅರಿಶಿನದ ಕೊಂಬು, ಉತ್ತತ್ತಿ, ಕುಪ್ಪಸದ ಕಣ ಹಾಕಿ ಉಡಿ ತುಂಬುವುದು. ಆಮೇಲೆ ಪರದೆಯ ಹಿಂದೆ ತಪಾಸಣೆ. ಉಡಿ ತುಂಬಿಸಿಕೊಂಡವಳು ಅರ್ಧಕ್ಕೆ ಎದ್ದು ಹೋಗುವುದಿಲ್ಲ, ಅದು ನಮ್ಮ ಕಡೆಯ ಮರ್ಯಾದೆ. ಆಗ ನನ್ನ ಯಜಮಾನರು ಇದ್ದರು, ಕೊರಳು ಕೈ ತುಂಬಿತ್ತು, ಹಾಗಾಗಿ ತುಂಬುವ ಕೆಲಸ ನನಗೇ ಬಂತು.

"ನೀವೂ ಒಬ್ಬರಿಗೆ ತುಂಬ್ರಿ ಮೇಡಂ" ಅಂದೆ ಒಂದು ದಿನ.

"ನೀನೇ ತುಂಬು, ನನಗೆ ಅದರ ಕ್ರಮ ಗೊತ್ತಿಲ್ಲ" ಎಂದು ಮೇಡಂ ಕೈಗೆ ಗ್ಲೌಸು ಹಾಕಿಕೊಂಡು ಪರದೆಯ ಹಿಂದೆ ಹೋದರು.

ಕ್ಯಾಂಪುಗಳು ತುಂಬಿ ಹರಿದವು. ಪಟ್ಟಣದಿಂದ ದೊಡ್ಡವರು ಬಂದು ಫೋಟೋ ತೆಗೆಸಿಕೊಂಡು ಹೋದರು. ಬೇಗ ಕಂಡು ಹಿಡಿದ ಕಾಯಿಲೆ ಬೇಗ ವಾಸಿಯಾಗಿ, ಎಷ್ಟೋ ಸಣ್ಣ ವಯಸ್ಸಿನ ತಾಯಂದಿರು ಮಕ್ಕಳ ಕೈ ಹಿಡಿದು ನಮ್ಮನ್ನು ಮಾತಾಡಿಸಲು ಬರುತ್ತಿದ್ದರು. ಅದು ಸುಳ್ಳಲ್ಲ. ಅದಕ್ಕೇ ಹೇಳಿದ್ದು, ತಪ್ಪಿನ ಹಾಗೆ ಕಾಣಲಿಲ್ಲ ಎಂದು.

ಹಿರೇಹಡಗಲಿಯ ಕ್ಯಾಂಪಿಗೆ ಜನ ಕೂಡಿಸುತ್ತಿದ್ದವಳು ಗಂಗವ್ವ. ಮದುವೆ ಮನೆಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಬದುಕು ಮಾಡಿದವಳು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಮಗ, ಸೊಸೆ ರೇಣುಕಾ, ಒಂದು ಮೊಮ್ಮಗು. ಆಕೆ ಓಣಿಗೆ ಇಳಿದರೆ ಯಾವ ಹೆಂಗಸೂ ಮನೆಯಲ್ಲಿ ಉಳಿಯುವಂತಿರಲಿಲ್ಲ.

"ಲೇ ನಿಂಗಿ, ಕಸಬರಗಿ ಬಿಡು, ನಡಿ."

"ಯಜಮಾನರನ್ನ ಕೇಳಿ ಬರ್ತೀನಿ ತಡಿಯಬೇ."

"ಅವ ಚಾದಂಗಡಿಗಿ ಹೋಗಾಕ ನಿನ್ನ ಕೇಳಿ ಹೋಗ್ಯಾನೇನು? ನಡಿ ಸುಮ್ನ!"

ಹೀಗೆ ಎಲ್ಲರನ್ನೂ ಒಳಗೆ ಕಳಿಸಿ, ತಾನು ಹೊರಗೆ ಬೇವಿನ ಮರದ ಕೆಳಗೆ ಕೂರುವಳು. ಎಲ್ಲರ ಚಪ್ಪಲಿ ಕಾಯುವುದು, ಎಲ್ಲರ ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಳ್ಳುವುದು. ಹನೀಫ್ ಸರ್‌ಗೆ ಆಕೆ ಅಂದರೆ ಬಹಳ ಪ್ರೀತಿ. ತಾವೇ ಚಹಾ ಒಯ್ದು ಕೊಟ್ಟು, "ಗಂಗವ್ವ, ಈ ಪ್ರಾಜೆಕ್ಟಿಗೆ ನಾನೂ ಅಲ್ಲ, ಮೇಡಂನೂ ಅಲ್ಲ, ನೀನೇ ಸಾಹೇಬ್ರು" ಅನ್ನುವರು.

"ಹಂಗಾದ್ರ ಕುರ್ಚಿ ಹಾಕ್ರಿ."

ಸರ್ ಓಡಿಹೋಗಿ ಕುರ್ಚಿ ತಂದರು. ಗಂಗವ್ವ ನಗುತ್ತಾ ಅದರ ಮೇಲೆ ಮೊಮ್ಮಗನನ್ನು ಕೂರಿಸಿ ತಾನು ನೆಲದಲ್ಲೇ ಕೂತಳು. "ಒಳಗ ಬಾರವ್ವಾ, ನೀನೂ ತೋರಿಸು" ಎಂದು ನಾನು ಎಷ್ಟೋ ಸಲ ಕರೆದೆ. "ನಮ್ಮದೇನೈತಿ ತಂಗಿ, ಮುಗಿದ ಕಥಿ. ಮಕ್ಕಳ ಹಡಿಯೋರನ್ನ ನೋಡ್ರಿ" ಅನ್ನುವಳು. ವಯಸ್ಸಾದವರ ಸಂಕೋಚ ಅಂದುಕೊಂಡೆ.

ಮೀಟಿಂಗಿನಲ್ಲಿ ಹನೀಫ್ ಸರ್ ಕೇಳುತ್ತಿದ್ದರು: "ವಯಸ್ಸಾದ ಹೆಣ್ಮಕ್ಳು ಯಾಕೆ ಕಮ್ಮಿ ಬರ್ತಾರೆ? ಕಾಯಿಲೆ ಹೆಚ್ಚಿರೋದು ಅವರಲ್ಲೇ." ಮೊಣಕಾಲು ನೋವು ಎಂದು ಒಬ್ಬರು, ಹೊಲದ ಕೆಲಸ ಎಂದು ಒಬ್ಬರು. ಮೆಟ್ಟಿಲಿಗೆ ಹಿಡಿಕೆ ಹಾಕಿಸಿದರು, ಕರೆತರಲು ಇನ್ನೊಂದು ಗಾಡಿ ಇಟ್ಟರು. ಗಾಡಿ ಖಾಲಿ ಬಂತು.

ಒಂದು ಸಲ ಹಿರೇಹಡಗಲಿಗೆ ಹೋದಾಗ ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ರೇಣುಕಾ ಒಬ್ಬಳೇ ಬಂದಳು. "ನಮ್ಮತ್ತಿ ಆರಾಮಿಲ್ಲ" ಎಂದು ಮುಖ ತಿರುಗಿಸಿದಳು. ಒಳಗೆ ಕರೆದುಕೊಂಡು ಹೋಗಿ ಕೈ ಹಿಡಿದೆ. ಆಗ ಬಿಕ್ಕಿದಳು.

"ಮುಟ್ಟು ನಿಂತು ಏಸೋ ವರ್ಷ ಆಗಿತ್ತು. ಮತ್ತ ಕಾಣಿಸಿಕೊಂಡೈತಿ. ಯಾರ ಮುಂದೂ ಆಡಬ್ಯಾಡ ಅಂತ ನನ್ನ ಮಗನ ಮ್ಯಾಲೆ ಆಣಿ ಹಾಕ್ಯಾಳ. ಗಂಡ ಇಲ್ಲದಾಕಿಗೆ ಇದೇನು ಬಂತು ಅಂತ ಊರಾಗ ನಗ್ತಾರಂತ."

ಮೇಡಂಗೆ ಹೇಳಿದೆ. ಅವರು ಸಾಲನ್ನು ಇನ್ನೊಬ್ಬ ಡಾಕ್ಟರಿಗೆ ಬಿಟ್ಟು ನಡೆದೇ ಹೊರಟರು. ಹಿಂದೆ ನಾನು, ನನ್ನ ಹಿಂದೆ ಹನೀಫ್ ಸರ್. ಸರ್ ಕಟ್ಟೆಯ ಮೇಲೆ ಕೂತರು. ನಾವು ಒಳಕೋಣೆಗೆ ಹೋದೆವು. ಗಂಗವ್ವ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಮೇಡಂ ನೋಡಿದರು. ನೋಡುವುದು ಬೇಗ ಮುಗಿಯಿತು. ಗ್ಲೌಸು ತೆಗೆದು ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು.

"ಗಂಗವ್ವ, ನಮ್ಮ ಬಾಗಿಲಲ್ಲೇ ಇದ್ದೆಯಲ್ಲ. ಯಾಕೆ ಒಳಗೆ ಬರಲಿಲ್ಲ?"

ಗಂಗವ್ವ ಮೆಲ್ಲಗೆ ಈ ಕಡೆ ತಿರುಗಿದಳು. ಬೈಯುವ ದನಿಯಲ್ಲ, ಸಣ್ಣ ಮಕ್ಕಳಿಗೆ ತಿಳಿಸಿ ಹೇಳುವ ದನಿ. "ಬಾಗಿಲದಾಗ ಮಣಿ ಹಾಕಿದ್ರೆಲ್ಲವ್ವಾ. ಅದನ್ನ ದಾಟೇ ಒಳಗ ಬರಬೇಕು. ಮುತ್ತೈದ್ಯಾರು ಕುಂದ್ರೋ ಮಣಿ. ನಾ ಹೆಂಗ ಕುಂದರ್ಲಿ? ಕುಂದರದ ಹಂಗ ದಾಟಿದ್ರ ಎಲ್ಲಾರೂ ನೋಡ್ತಾರ. ಈಕಿಗೆ ಗಂಡ ಇಲ್ಲ ಅಂತ ಮತ್ತೊಮ್ಮೆ ಸಾರಿದಂಗ."

ಆ ಹೊತ್ತಿಗೆ ನನ್ನ ಬಳೆಗಳು ಸಪ್ಪಳ ಮಾಡಿದವು. ಅವನ್ನು ಸೆರಗಿನೊಳಗೆ ಹಿಡಿದುಕೊಂಡೆ.

ಗಾಡಿ ಹಡಗಲಿ ದಾಟಿದ ಮೇಲೆ ಮೇಡಂ ಕಿಟಕಿಯಾಚೆ ನೋಡುತ್ತಾ ಅಂದರು: "ಸರ್, ನನ್ನ ಗಂಡ ಹೋದಾಗ ನನ್ನ ಮಗಳು ಒಂದನೇ ಕ್ಲಾಸು. ಪಟ್ಟಣದಲ್ಲಿ ಯಾರೂ ನನ್ನನ್ನು ಒಂದು ಬಾಗಿಲಲ್ಲೂ ತಡೆಯಲಿಲ್ಲ. ಕುಂಕುಮ ಇಟ್ಟುಕೊಂಡೆ, ಡಾಕ್ಟರಲ್ಲವೇ, ಯಾರು ಕೇಳುತ್ತಾರೆ? ಆದರೂ ಆ ಮಣೆಯ ಹತ್ತಿರ ನಾನೇ ಹೋಗುತ್ತಿರಲಿಲ್ಲ. ಯಾಕೆ ಹೋಗುತ್ತಿಲ್ಲ ಅಂತ ಒಂದು ಸಲ ಯೋಚನೆ ಮಾಡಿದ್ದರೆ ಸಾಕಿತ್ತು."

ನಮಗೆ ಯಾರಿಗೂ ಅದುವರೆಗೆ ಗೊತ್ತಿರಲಿಲ್ಲ. ಹನೀಫ್ ಸರ್ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ಗಂಗವ್ವನನ್ನು ಪಟ್ಟಣಕ್ಕೆ ಕರೆದೊಯ್ದರು. ನಾವು ಕರೆಂಟು ಅನ್ನುವ ರೇಡಿಯೇಷನ್ ಕೊಡಿಸಿದರು, ಕೀಮೋ ಸೂಜಿ ಹಾಕಿಸಿದರು. ಮೇಡಂ ದಿನಾ ಹೋಗಿ ಮಂಚದ ಪಕ್ಕ ನಿಲ್ಲುತ್ತಿದ್ದರು. ಕಾಯಿಲೆ ಆಗಲೇ ಮೈಯೆಲ್ಲಾ ನಡೆದಿತ್ತು. ನೋವಿಗೆ ಔಷಧಿ ಕೊಟ್ಟು ಮನೆಗೆ ಕಳಿಸಿದರು.

ಇತ್ತ ಇಬ್ಬರು ಮುಖ್ಯಸ್ಥರಿಗೆ ದೊಡ್ಡ ಜಗಳ. ಈ ಸಲ ಮಂಡಕ್ಕಿ ತಿಂದು ಮುಗಿಯುವ ಜಗಳವಲ್ಲ.

"ನಿಲ್ಲಿಸಿಬಿಡಾಣ ಮೇಡಂ. ಒಬ್ರನ್ನ ಕೂರಿಸಿ ಇನ್ನೊಬ್ರನ್ನ ಹೊರಗಿಡೋ ಸತ್ಕಾರ ಆಸ್ಪತ್ರೆಗ್ಯಾಕೆ?"

"ನಿಲ್ಲಿಸಿದರೆ ಆ ಸಣ್ಣ ಹುಡುಗಿಯರು ಬರುವುದಿಲ್ಲ ಸರ್. ಅವರಲ್ಲಿ ಎಷ್ಟು ಜನ ಬದುಕಿ ಉಳಿದಿದ್ದಾರೆ, ನೀವೇ ಬರೆದುಕೊಂಡಿದ್ದೀರಿ. ಅವರನ್ನು ಬಿಡಲೇ?"

ಇಬ್ಬರ ಮಾತೂ ಸರಿ. ಅದೇ ಕಷ್ಟ. ಕೊನೆಗೆ ಹನೀಫ್ ಸರ್, "ಗಂಗವ್ವನ್ನೇ ಕೇಳಾಣ" ಅಂದರು. ಮೂವರೂ ಹೋದೆವು.

ಗಂಗವ್ವ ಗೋಡೆಗೆ ಒರಗಿ ಕೂತಿದ್ದಳು. ಕೈ ರೊಟ್ಟಿ ಬಡಿಯುವ ಕೈಯಾಗಿ ಉಳಿದಿರಲಿಲ್ಲ. ಎಲ್ಲಾ ಕೇಳಿ, "ನಿಲ್ಲಿಸಬ್ಯಾಡ್ರಿ" ಅಂದಳು. "ಉಡಿ ಚಲೋದು. ಮಣಿ ಬಾಗಿಲದಾಗಿಂದ ತಗೀರಿ. ಮೊದ್ಲು ಪರದೆ ಹಿಂದ ಎಲ್ಲಾರನ್ನೂ ನೋಡ್ರಿ, ಆಮ್ಯಾಲೆ ಎಲ್ಲಾರಿಗೂ ತುಂಬ್ರಿ." ಸ್ವಲ್ಪ ಸುಧಾರಿಸಿಕೊಂಡು ನನ್ನ ಕಡೆ ನೋಡಿದಳು. "ನನಗೂ ಒಂದಿಷ್ಟು ತುಂಬ್ತೀಯೇನು ತಂಗಿ? ಕುಂಕುಮ ಬ್ಯಾಡ. ಅಕ್ಕಿ ಕಾಯಿ ಸಾಕು."

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವಳು, "ಏ ಗಂಗವ್ವಾ, ಇದೇನ ಹೊಸಾದು?" ಅಂದಳು. ರೇಣುಕಾ ಆಕೆಯನ್ನು ನೋಡಿ, "ನಮ್ಮತ್ತಿ ಕೇಳ್ಯಾಳ, ನೀ ಸುಮ್ನಿರಬೇ" ಎಂದು ಒಳಗಿನಿಂದ ತಾವು ಊಟಕ್ಕೆ ಕೂರುವ ಮಣೆಯನ್ನೇ ತಂದು ಹಾಕಿದಳು.

ನಾನು ತುಂಬಿದೆ. ಗಂಗವ್ವ ಎರಡೂ ಕೈಯಲ್ಲಿ ಸೆರಗು ಹಿಡಿದು, ಕಾಯಿಯನ್ನು ಅತ್ತಿತ್ತ ಹೊರಳಿಸಿ, ನಕ್ಕಳು. "ಭಾರ ಐತೆವ್ವಾ. ಮರತೇ ಹೋಗಿತ್ತು."

ಆಕೆ ಹೋದ ಸುದ್ದಿ ಬಂದಾಗ ನಾವು ಹೊಳಲು ಎಂಬ ಊರಿನಲ್ಲಿ ಕ್ಯಾಂಪು ಹಾಕಿದ್ದೆವು. ಅವತ್ತೇ ಹೊಸ ಪದ್ಧತಿ ಶುರು. ಬಾಗಿಲು ಖಾಲಿ, ಮಣೆ ಕೊನೆಗೆ, ಎಲ್ಲರಿಗೂ. ಗಂಡ ಇಲ್ಲದವರಿಗೂ ಉಡಿ ಎಂದು ತಿಳಿದದ್ದೇ ಕೆಲವರು ಸೆರಗು ಕೊಡವಿ ಎದ್ದರು. "ಅವರು ಕುಂತ ಮಣಿ ಮ್ಯಾಲೆ ನಾವು ಕುಂದ್ರಬೇಕೇನು?" ಎಂದು ಒಬ್ಬಾಕೆ ಗಟ್ಟಿಯಾಗಿಯೇ ಅಂದಳು. ಮೇಡಂ ವಾದ ಮಾಡಲಿಲ್ಲ. ಬಿಳಿ ಕೋಟು ಬಿಚ್ಚಿಟ್ಟು ಬಂದು ತಾವೇ ಮಣೆಯ ಮೇಲೆ ಕೂತು ಸೆರಗು ಚಾಚಿದರು.

"ನನಗೆ ಗಂಡ ಇಲ್ಲ. ತೀರಿಹೋಗಿ ಬಹಳ ವರ್ಷ ಆಯಿತು. ತುಂಬು ಕೊಟ್ರಮ್ಮ."

ಕಾಯಿ ಎತ್ತಿ ಮೇಡಂ ಸೆರಗಿಗೆ ಹಾಕಿದೆ. ಎದ್ದವರಲ್ಲಿ ಕೆಲವರು ಹೋದರು, ಕೆಲವರು ಕೂತರು. ಗೋಡೆಯ ಪಕ್ಕದಿಂದ ಒಬ್ಬ ಮುದುಕಿ ಕೋಲೂರಿಕೊಂಡು ಎದ್ದು, "ನನ್ನದೂ ಒಮ್ಮೆ ನೋಡ್ರಿ ಹಂಗಾರ" ಅಂದಳು. ಹನೀಫ್ ಸರ್ ಅವತ್ತು ಯಾರನ್ನೂ ಏನೂ ಕೇಳಲಿಲ್ಲ. ಹೊರಗೆ ಹೆಂಗಸರ ಚಪ್ಪಲಿ ಕಾಯುತ್ತಾ ಕೂತಿದ್ದರು.

ಈಗ ಮೇಡಂ ನಿವೃತ್ತರಾಗಿ ಮಗಳ ಹತ್ತಿರ ಇದ್ದಾರೆ. ಹಬ್ಬಕ್ಕೆ ಫೋನು ಮಾಡುತ್ತಾರೆ. ಹನೀಫ್ ಸರ್‌ಗೂ ವಯಸ್ಸಾಯಿತು. ಕೆಲಸವೂ ಬದಲಾಗಿದೆ. ಹೆಂಗಸರು ಈಗ ತಾವೇ ಪರದೆಯ ಹಿಂದೆ ಕಡ್ಡಿಯಲ್ಲಿ ಮಾದರಿ ತೆಗೆದು ಕೊಡಬಹುದು, ಯಾರ ಮುಂದೂ ಮಲಗಬೇಕಾಗಿಲ್ಲ. ಬರೆದುಕೊಳ್ಳುವುದೆಲ್ಲ ಟ್ಯಾಬಿನಲ್ಲಿ. ನನ್ನ ಯಜಮಾನರೂ ಹೋದರು. ಆಮೇಲೆಯೂ ನಾನು ಕೆಲಸ ಮಾಡಿದೆ, ತುಂಬುವ ಕೈಯನ್ನು ನಿಲ್ಲಿಸಲಿಲ್ಲ. ಆದರೆ ನಾನು ಮಣೆಯ ಮೇಲೆ ಕೂರಲಿಲ್ಲ. ಇವತ್ತು ಬೇಡ, ನಾಳೆ ಅನ್ನುತ್ತಾ ನಿವೃತ್ತಿಯೇ ಆಗಿಹೋಯಿತು.

ಸುಮಾಳ ಮೊದಲ ಕ್ಯಾಂಪು ಎಲ್ಲಿ ಗೊತ್ತೇ? ಹಿರೇಹಡಗಲಿ. ನೋಡದೆ ಇರಲಾಗದೆ ನಾನೂ ಬಸ್ಸು ಹತ್ತಿದೆ. ಬಿಳಿ ಬಟ್ಟೆಯಲ್ಲಿ ನನ್ನ ಹುಡುಗಿ ಅತ್ತಿಂದಿತ್ತ ಓಡಾಡುವುದನ್ನು ನೋಡಿ ನನ್ನ ಹಿಗ್ಗು ಎದೆಯಲ್ಲಿ ಹಿಡಿಸಲಿಲ್ಲ. ಪರದೆ ಕಟ್ಟಿದ್ದು ಸಡಿಲವಾಗಿತ್ತು, ಎದ್ದುಹೋಗಿ ಬಿಗಿ ಮಾಡಿದೆ.

"ಅಜ್ಜಿ, ಪರದೆ ಇರಲಿ. ನೀ ಯಾವಾಗ ತೋರಿಸಿಕೊಂಡೀ?"

"ನಮ್ಮದೇನೈತಿ..." ಅಂದೆ. ಬಾಯಿಗೆ ಬಂದದ್ದು ಯಾರ ಮಾತು ಎಂದು ತಿಳಿದು ಅಲ್ಲಿಗೇ ನಿಲ್ಲಿಸಿದೆ.

"ನಡಿ ಒಳಗ" ಅಂದಳು ಸುಮಾ. ಹೋದೆ. ಮುಗಿಸಿ ಬಂದು ಮಣೆಯ ಮೇಲೆ ಕೂತೆ. ಸುಮಾ ತುಂಬಿದಳು. ಅರ್ಧ ಅಕ್ಕಿ ಸೆರಗಿಗೆ, ಅರ್ಧ ನೆಲಕ್ಕೆ. "ಚೆಲ್ಲೇ ಬಿಟ್ನೆಲ್ಲ ಅಜ್ಜಿ" ಎಂದು ನಕ್ಕಳು, ಅತ್ತಳು. ಭಾರ ಇತ್ತು ಹುಡುಗಿಯರೇ. ಗಂಗವ್ವ ಹೇಳಿದ್ದು ಖರೆ.

ಉಡಿ ಹಿಡಿದುಕೊಂಡು ಹೊರಗೆ ಬಂದೆ. ಅದೇ ಬೇವಿನ ಮರ. ಕೆಳಗೆ ಒಬ್ಬಳು ತಲೆಯ ಮೇಲೆ ಸೆರಗು ಎಳೆದುಕೊಂಡು ಯಾರದೋ ಕೂಸನ್ನು ಆಡಿಸುತ್ತಾ ಕೂತಿದ್ದಳು, ಸುತ್ತ ಚಪ್ಪಲಿಗಳು. ಆಕೆ ನನ್ನ ಬರಿ ಕೊರಳು ನೋಡಿದಳು, ತುಂಬಿದ ಉಡಿ ನೋಡಿದಳು, ಮತ್ತೆ ಕೊರಳು ನೋಡಿದಳು.

"ನಿಮಗೂ ತುಂಬಿದ್ರಾ? ಯಾರು?"

"ನನ್ನ ಮೊಮ್ಮಗಳು. ಒಳಗ ಅದಾಳ, ಬಿಳಿ ಬಟ್ಟಿ ಹಾಕ್ಕೊಂಡಾಳಲ್ಲ, ಆಕಿನ. ಕೂಸನ್ನ ಇತ್ತ ಕೊಡು, ನೀ ಹೋಗಿ ಬಾ."

ಆಕೆ ಕೂಸನ್ನು ನನ್ನ ಕಡೆ ನೀಡಿದಳು. ನಾನು ಗಂಗವ್ವ ಕೂರುತ್ತಿದ್ದ ಬೇರಿನ ಮೇಲೆ ಕೂತೆ. ಉಡಿಯಲ್ಲಿ ಅಕ್ಕಿ, ಕಾಯಿ, ಅದರ ಮೇಲೆ ಕೂಸು. ಆಕೆ ಸೆರಗು ಸರಿಮಾಡಿಕೊಂಡು ಬಾಗಿಲವರೆಗೆ ಹೋದಳು, ಒಂದು ಸಲ ತಿರುಗಿ ನೋಡಿದಳು, ಒಳಗೆ ಹೋದಳು.